ಕಪ್ಪು ಗೆರೆಯ ಹೊರಮಗ್ಗುಲು

೧೪ ಜುಲೈ ೧೯೫೨, ಸೋಮವಾರ

ಎರಡು ಪಿರಿಯಡ್ ಫಿಸಿಕ್ಸ್, ಒಂದು ಗಣಿತ. ಪ್ರಯೋಗಶಾಲೆಯ ಕಪಾಟಿಗೆ ಮತ್ತೆ ಗೆದ್ದಲು. ಸೀಮೆಎಣ್ಣೆ ಹಚ್ಚಿಸಿದೆ. ಬೆಟಗೇರಿಯ ಹುಡುಗರು ಮಳೆಯ ನೆಪದಲ್ಲಿ ಅರ್ಧ ಬಂದಿಲ್ಲ.

ಸಂಜೆ ಲೈಬ್ರರಿ ತೆರೆದೆ — ಕೀಲಿ ನನ್ನ ಬಳಿಯೇ ಇರುವುದು. ಡ್ರಾಯಿಂಗ್ ಮಾಸ್ತರ್ ಹೊಳೆಯಪ್ಪ ಬಂದರು. ಹೋದ ವರ್ಷ ಸೇರಿದವರು, ಇನ್ನೂ ಕಾಯಂ ಆಗಿಲ್ಲ. ಮುಂಡರಗಿ ಕಡೆಯ ಹಮ್ಮಿಗಿಯವರು. ಮೂವತ್ತರ ಒಳಗೆ. ಮಾತು ಕಡಿಮೆ. ಆಕಾಶದ, ಸುರುಳಿ ನೀಹಾರಿಕೆಗಳ ಫೋಟೋಗಳಿರುವ ದಪ್ಪ ಇಂಗ್ಲಿಷ್ ಪುಸ್ತಕ ಬೇಕಂತೆ. ಅಷ್ಟು ಇಂಗ್ಲಿಷ್ ಬರುತ್ತದೆಯೇ ಎಂದೆ. ಓದಾಕಲ್ಲ, ನೋಡಾಕ ಎಂದರು.

ಒಂದು ತಾಸು ಕೂತರು. ಫೋಟೋದ ಮೇಲೆ ಎಣ್ಣೆ ಕಾಗದ ಇಟ್ಟು ಮೆತ್ತನೆಯ ಪೆನ್ಸಿಲಿನಿಂದ ಚಿತ್ರ ಎತ್ತಿಕೊಳ್ಳುತ್ತಿದ್ದರು. ಹೂವಿನ ಮೇಲೆ ಕೈಯಾಡಿಸಿದ ಹಾಗೆ. ಪುಸ್ತಕಕ್ಕೆ ಒಂದು ಗುರುತೂ ಬೀಳಲಿಲ್ಲ. ಏನು ಸಿಕ್ಕಿತು ಎಂದೆ. ಇನ್ನೂ ನೋಡಬೇಕ್ರಿ ಎಂದರು.

೨೪ ಜುಲೈ, ಗುರುವಾರ. ಸಂಜೆ ೭

ವಿಜ್ಞಾನ ಸಂಘದಲ್ಲಿ ನನ್ನ ಲೆಕ್ಚರ್ ಆಯಿತು. 'ನಮ್ಮ ಆಕಾಶಗಂಗೆ'. ಶಿಕ್ಷಣ ಇಲಾಖೆಯ ಸಾಹೇಬರು ಬಂದಿದ್ದರು. ಹೆಡ್‌ಮಾಸ್ತರ್ ಹೇಮಪ್ಪನವರ ಪಕ್ಕ, ಮುಂದಿನ ಸಾಲು.

ಚೆನ್ನಾಗಿಯೇ ನಡೆದಿತ್ತು. ನಕ್ಷತ್ರಗಳ ನಡುವೆ ಹೈಡ್ರೋಜನ್ ಅನಿಲದ ಮೋಡಗಳಿವೆ, ಆ ಮೋಡ ಕುಗ್ಗಿ ಹೊಸ ನಕ್ಷತ್ರ ಹುಟ್ಟುತ್ತದೆಂದು ಈಗ ಹೇಳುತ್ತಾರೆ ಎಂದೆ. ಇಲ್ಲಿಯವರೆಗೆ ಸರಿ. ಆಮೇಲೆ, ಆ ಮೋಡಗಳಿಗೆ ಕ್ರಮವೆಂಬುದಿಲ್ಲ, ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಹತ್ತಿ ಹಾರಿ ಬಿದ್ದ ಹಾಗೆ ಎಲ್ಲೆಂದರಲ್ಲಿ ಬಿದ್ದಿವೆ ಎಂದೆ. ಸಾಹೇಬರು ತಲೆದೂಗಿದರು.

ಹಿಂದಿನ ಬೆಂಚಿನಿಂದ ಹೊಳೆಯಪ್ಪ ಎದ್ದರು.

"ತಪ್ಪು ತಿಳಕೋಬ್ಯಾಡ್ರಿ ಸರ. ಆ ಬುಕ್ಕಿನಾಗ ಸುರುಳಿ ಇರೋ ಪಟ ಎಂಟು ಅದಾವ. ಆರರಾಗ ಮದಲ ಒಂದು ಕಪ್ಪು ಗೆರಿ. ಅದರ ಹೊರಮಗ್ಗಲಿಗೆ ಬೆಳ್ಳನ ಚುಕ್ಕಿ, ಸಾಲಾಗಿ. ಎಲ್ಲಿ ಬೇಕಲ್ಲಿ ಬಿದ್ದಿಲ್ಲ. ನಮ್ಮೂರಾಗ ಹೊಳಿ ಇಳದ ಮ್ಯಾಲ ಮದಲ ಕರೇ ರಾಡಿ, ಅದರ ಆಚಿ ಹಸರು ಒಂದ ಸಾಲಿಗೆ ಏಳತೈತಲ್ರಿ, ಹಂಗ."

ಪುಸ್ತಕ ತರಿಸಿ ನೋಡೋಣ ಎನ್ನಬಹುದಿತ್ತು. ಇಪ್ಪತ್ತು ಹೆಜ್ಜೆಯ ದೂರ. ಅದು ಫೋಟೋ ಪ್ಲೇಟಿನ ದೋಷ ಎಂದುಬಿಟ್ಟೆ. ಅವರು ಕೂರಲಿಲ್ಲ. ದೋಷ ಆಗಿದ್ದರೆ ಆರರಲ್ಲೂ ಒಂದೇ ಮಗ್ಗುಲಿಗೆ ಹೇಗೆ ಬಂದೀತು ಎಂದು ಮೆಲ್ಲಗೆ ಕೇಳಿದರು. ಸಾಹೇಬರು ನನ್ನನ್ನೇ ನೋಡುತ್ತಿದ್ದರು.

"ಚಿತ್ರಾ ತೆಗಿಯೋ ಕೆಲಸ ನಿಮ್ದು. ಆಕಾಶದ ಕೆಲಸ ನಮಗ ಬಿಡ್ರಿ" ಎಂದೆ.

ಸಭೆ ನಕ್ಕಿತು. ಸಾಹೇಬರೂ. ಹೊಳೆಯಪ್ಪನೂ ಸ್ವಲ್ಪ ನಕ್ಕು ಕೂತರು — ನಗದಿದ್ದರೆ ಮತ್ತೇನು ಮಾಡಬೇಕಿತ್ತು.

ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡುತ್ತಿಲ್ಲ. ಸಿಟ್ಟು ಬರುತ್ತಿದೆ. ಯಾರ ಮೇಲೆ ಎಂದು ಬರೆಯಲಾರೆ.

೨ ಆಗಸ್ಟ್, ಶನಿವಾರ

ಲೈಬ್ರರಿಯ ಆ ಪುಸ್ತಕದಲ್ಲಿ ಪೆನ್ಸಿಲ್ ಗೀಟುಗಳು ಕಂಡವು. ನಾಲ್ಕು ಫೋಟೋಗಳ ಮೇಲೆ, ಸುರುಳಿಗಳ ಮೇಲೆಯೇ. ಹೇಮಪ್ಪನವರಿಗೆ ತೋರಿಸಬೇಕಾಯಿತು. ಕರ್ತವ್ಯ. ಯಾರು ಮಾಡಿದ್ದೆಂದು ನಾನು ಹೇಳಲಿಲ್ಲ. ಈಚೆಗೆ ಯಾರು ನೋಡಿದ್ದರೆಂದು ಕೇಳಿದರು. ಅದನ್ನಷ್ಟೇ ಹೇಳಿದೆ.

೧೯ ಆಗಸ್ಟ್, ಮಂಗಳವಾರ

ಹೊಳೆಯಪ್ಪನನ್ನು ತೆಗೆದರು. ಶಾಲೆಯ ಆಸ್ತಿ ಕೆಡಿಸಿದ ಕಾರಣ, ಎಂದು ಆಡಳಿತ ಸಮಿತಿಯ ಆರ್ಡರು.

ಹೋಗುವ ಮುನ್ನ ನನ್ನ ಕೋಣೆಗೆ ಬಂದರು. ಎಣ್ಣೆ ಕಾಗದದ ಚಿತ್ರಗಳನ್ನು, ಆರು ಹಾಳೆ, ಟೇಬಲ್ಲಿನ ಮೇಲೆ ಇಟ್ಟರು. ಪುಸ್ತಕಕ್ಕೆ ಸಂಬಂಧಪಟ್ಟಿದ್ದು, ಶಾಲೆಯಲ್ಲೇ ಇರಲಿ ಎಂದರು. ಬಾಗಿಲ ಬಳಿ ನಿಂತು ಒಂದೇ ಮಾತು ಕೇಳಿದರು.

"ಆ ಗೀಟು ಯಾವ ಪೆನ್ಸಿಲ್ಲಿಂದು ಅಂತ ನೋಡಿದ್ರೇನ್ರಿ ಸರ? ನಂದು ಮೆತ್ತಂದು. ಅದು ಗಟ್ಟಿ ಪೆನ್ಸಿಲ್ಲಿಂದು."

ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ತಲೆ ಎತ್ತಲಿಲ್ಲ.

ಬೇರೇನೂ ಬರೆಯುವಂಥದ್ದಿಲ್ಲ.

೧೪ ಫೆಬ್ರುವರಿ ೧೯೫೪, ರವಿವಾರ. ಮಧ್ಯಾಹ್ನ ೩

ಪುಣೆಯ ಗೆಳೆಯ ಹಳೆಯ ಅಮೇರಿಕನ್ ಖಗೋಳ ಪತ್ರಿಕೆಗಳ ಒಂದು ಕಟ್ಟು ಕಳಿಸಿದ್ದಾನೆ. ಊಟವಾದ ಮೇಲೆ ತೆರೆದೆ. ಎರಡನೆಯ ಸಂಚಿಕೆಯಲ್ಲೇ ಇತ್ತು.

ಅಲ್ಲಿಯ ಖಗೋಳಜ್ಞರು ಹೊಳೆಯುವ ಹೈಡ್ರೋಜನ್ ಮೋಡಗಳನ್ನು ಹುಡುಕಿದ್ದಾರೆ — ಹೊಸದಾಗಿ ಹುಟ್ಟಿದ ನೀಲಿ ನಕ್ಷತ್ರಗಳ ಬಿಸಿಗೆ ಬೆಳಗುವ ಮೋಡ. ಒಂದೊಂದರ ದೂರ ಲೆಕ್ಕ ಹಾಕಿ ಕಾಗದದ ಮೇಲೆ ಚುಕ್ಕಿ ಇಟ್ಟಿದ್ದಾರೆ. ಚುಕ್ಕಿಗಳು ಎಲ್ಲೆಂದರಲ್ಲಿ ಬೀಳಲಿಲ್ಲ. ಉದ್ದನೆಯ ಪಟ್ಟಿಗಳಾದವು. ಒಂದು ಸೂರ್ಯನ ಹತ್ತಿರ ಹಾಯುತ್ತದೆ, ಒಂದು ಅದರ ಹೊರಗೆ, ಒಂದರ ತುಣುಕು ಒಳಗೆ. ನಮ್ಮ ಆಕಾಶಗಂಗೆಯ ಸುರುಳಿ ತೋಳುಗಳು ಅವೇ. ಪಕ್ಕದ ದೊಡ್ಡ ನೀಹಾರಿಕೆಯಲ್ಲೂ ಹೀಗೆಯೇ, ತೋಳಿನುದ್ದಕ್ಕೆ ದಾರಕ್ಕೆ ಮಣಿ ಪೋಣಿಸಿದಂತೆ, ಜೊತೆಗೆ ಕಪ್ಪು ಧೂಳಿನ ಗೆರೆ. ಹಾಲೆಂಡಿನವರು ಈಗ ಬೆಳಗದ ತಣ್ಣನೆಯ ಹೈಡ್ರೋಜನ್ನನ್ನೂ ರೇಡಿಯೋ ಅಲೆಗಳಿಂದ ಹಿಡಿಯುತ್ತಿದ್ದಾರಂತೆ.

ಅಮೇರಿಕದವರು ಇದನ್ನು ಸಭೆಯಲ್ಲಿ ಹೇಳಿದ್ದು ೧೯೫೧ರ ಡಿಸೆಂಬರಿನಲ್ಲಿ. ನಾನು ಹತ್ತಿಯ ಉಪಮೆ ಕೊಟ್ಟಿದ್ದು ೧೯೫೨ರ ಜುಲೈಯಲ್ಲಿ. ಏಳು ತಿಂಗಳ ಹಿಂದಿನ ಸುದ್ದಿ ನನಗೆ ತಿಳಿದಿರಲಿಲ್ಲ, ಅದು ತಪ್ಪಲ್ಲ. ಆದರೆ ಅದನ್ನು ಆ ಫೋಟೋಗಳಲ್ಲೇ ಬರಿಗಣ್ಣಿನಿಂದ ಕಂಡ ಮನುಷ್ಯ ಎದುರಿಗೇ ನಿಂತು ಹೇಳಿದ್ದ.

ಇನ್ನೊಂದು ಬರೆದು ಮುಗಿಸುತ್ತೇನೆ. ೧೯೫೨ರ ಆಗಸ್ಟ್ ೨ರ ಪುಟ ಸುಳ್ಳು. ಯಾರೂ ಓದದ ಈ ದಿನಚರಿಯಲ್ಲೂ ಸುಳ್ಳು ಬರೆದೆ. ಆ ಗೀಟುಗಳು ನನ್ನವು. ೧೯೪೭ರಲ್ಲಿ, ಸ್ವಾತಂತ್ರ್ಯದ ಸೂಟಿಯಲ್ಲಿ ಊರೆಲ್ಲ ಪ್ರಭಾತಫೇರಿಗೆ ಹೋದಾಗ, ಲೈಬ್ರರಿಯಲ್ಲಿ ಒಬ್ಬನೇ ಕೂತು ಸುರುಳಿಗಳ ಕೋನ ಅಳೆದಿದ್ದೆ. ನನ್ನ ಗಟ್ಟಿ ಪೆನ್ಸಿಲು. ಅಳಿಸಲು ಮರೆತಿದ್ದೆ. ಹೇಮಪ್ಪನವರಿಗೆ ತೋರಿಸುವಾಗ ಮರೆತಿರಲಿಲ್ಲ.

ಪತ್ರಿಕೆಯನ್ನು ಟ್ರಂಕಿನಲ್ಲಿ ಕೋಟಿನ ಕೆಳಗೆ ಇಟ್ಟೆ. ಈ ಊರಿನಲ್ಲಿ ಅದನ್ನು ಓದುವವರು ಯಾರಿದ್ದಾರೆ. ಆದರೂ ಇಟ್ಟೆ.

೨೮ ಫೆಬ್ರುವರಿ, ರವಿವಾರ

ಗದಗಿನ ವಾಚನಾಲಯದವರು ಉಪನ್ಯಾಸಕ್ಕೆ ಕರೆದಿದ್ದರು. ಹೊಸ ವಿಷಯ ಬೇಕೆಂದರು. ಇದೇ ಇದ್ದದ್ದು.

ಹೊಳೆಯಪ್ಪನ ಆರು ಹಾಳೆಗಳಲ್ಲಿ ಒಳ್ಳೆಯದನ್ನು ಆರಿಸಿ, ಮೂರು ದಿನ ಕೂತು ದೊಡ್ಡ ಬಟ್ಟೆಯ ಮೇಲೆ ನಾನೇ ಬಣ್ಣದಲ್ಲಿ ತೆಗೆದೆ. ಬೇರೆಯವರ ಕೈಯಲ್ಲಿ ತೆಗೆಸಿದರೆ ಮೂಲ ಯಾರದೆಂದು ಕೇಳುತ್ತಾರೆ.

ಮುನ್ನೂರು ಜನ. ಹುಲಕೋಟಿಯಿಂದಲೂ ಬಂದಿದ್ದರು. ನಕ್ಷತ್ರ ಹುಟ್ಟುವ ಮೋಡಗಳು ಹೇಗೆ ತೋಳುಗಳಲ್ಲಿ ಸಾಲುಗಟ್ಟಿವೆ ಎಂದು ಕೋಲಿನಿಂದ ತೋರಿಸಿದೆ. ಹೊಳೆಯ ದಂಡೆಯ ಉದಾಹರಣೆಯನ್ನೂ ಕೊಟ್ಟೆ. ಜನ ಹಾ ಎಂದರು. ಹಾರ ಹಾಕಿದರು.

ಬರೆದುಕೊಂಡು ಹೋಗಿದ್ದ ಹಾಳೆಯಲ್ಲಿ ಮೂರನೆಯ ಸಾಲಿಗೆ ಅವರ ಹೆಸರಿತ್ತು. ಓದುವಾಗ ಎದುರಿಗೆ ಹೇಮಪ್ಪನವರ ಮುಖ ಕಂಡಿತು. ನಾಲ್ಕನೆಯ ಸಾಲಿಗೆ ಹೋದೆ.

೭ ಜೂನ್, ಸೋಮವಾರ

ಧಾರವಾಡದ ಮಾಸಪತ್ರಿಕೆಯಲ್ಲಿ ಲೇಖನ ಬಂದಿದೆ. ಅಚ್ಚಿನ ಬ್ಲಾಕ್ ಮಾಡಿಸಿ ಚಿತ್ರವನ್ನೂ ಹಾಕಿದ್ದಾರೆ. 'ಚಿತ್ರ: ಲೇಖಕರದು'. ನನ್ನ ಹೆಂಡತಿ ಕಸ್ತೂರೆವ್ವ ಓಣಿಯಲ್ಲೆಲ್ಲ ತೋರಿಸಿ ಬಂದಳು. ಬಟ್ಟೆಯ ಚಿತ್ರ ಶಾಲೆಯ ಹಾಲಿನ ಗೋಡೆಗೆ ಹೋಯಿತು.

ದಿನಾ ಅದರ ಕೆಳಗೆ ಹಾಯಬೇಕು.

೨೨ ಅಕ್ಟೋಬರ್ ೧೯೫೬, ಸೋಮವಾರ

ಎರಡು ವರ್ಷವಾಯಿತು ಇದರಲ್ಲಿ ಬರೆದು.

ಬರುವ ಒಂದನೆಯ ತಾರೀಖಿಗೆ ನಾವು ಮೈಸೂರು ರಾಜ್ಯಕ್ಕೆ ಸೇರುತ್ತೇವೆ. ಕನ್ನಡದವರೆಲ್ಲ ಒಂದೇ ರಾಜ್ಯ. ಎಂಟು ವರ್ಷದ ಹಿಂದೆ ಲಕ್ಷ್ಮೇಶ್ವರ, ಶಿರಹಟ್ಟಿಗಳು ಸಂಸ್ಥಾನ ಕಳೆದುಕೊಂಡು ಮುಂಬಯಿಗೆ ಸೇರಿದಾಗ ಬೋರ್ಡು ಬರೆಸಿದ್ದರು, ಈಗ ಮತ್ತೆ ಬರೆಸಬೇಕು. ಕಚೇರಿ, ಶಾಲೆ ಎಲ್ಲ ಕಡೆ ಅದೇ ಗಡಿಬಿಡಿ. ನಮ್ಮ ಹೈಸ್ಕೂಲಿನ ಬೋರ್ಡಿನಲ್ಲೂ 'ಮುಂಬಯಿ ರಾಜ್ಯ' ಕೆರೆಯಲು ಮುಂಡರಗಿಯಿಂದ ಪೇಂಟರನ್ನು ಕರೆಸಿದ್ದಾರೆ.

ನಿಚ್ಚಣಿಕೆಯ ಮೇಲೆ ಹೊಳೆಯಪ್ಪ.

ಹೇಮಪ್ಪನವರಿಗೆ ಗುರುತು ಸಿಗಲಿಲ್ಲವೋ, ಸಿಕ್ಕೂ ಸುಮ್ಮನಿದ್ದರೋ. ನಾನು ಇಡೀ ದಿನ ಪ್ರಯೋಗಶಾಲೆಯಲ್ಲಿ ಕೂತೆ. ಸಂಜೆ ಹಿಂದಿನ ಗೇಟಿನಿಂದ ಮನೆಗೆ ಬಂದೆ. ನಲವತ್ತೈದು ವರ್ಷದ ಮನುಷ್ಯ ನಾನು.

೨೩ ಅಕ್ಟೋಬರ್, ಮಂಗಳವಾರ

ಮಧ್ಯಾಹ್ನದ ಸೂಟಿಯಲ್ಲಿ ಹೋದೆ. ಬೇವಿನ ನೆರಳಲ್ಲಿ ರೊಟ್ಟಿ ತಿಂದು ಕೈ ತೊಳೆಯುತ್ತಿದ್ದರು. ಎದ್ದು ನಿಂತು ಸರ ಎಂದರು. ಅದೇ ಮರ್ಯಾದೆ.

ಹಾಲಿನಲ್ಲಿರುವ ಚಿತ್ರ ನಿಮ್ಮ ಹಾಳೆಯಿಂದ ಎತ್ತಿದ್ದು, ನಿಮ್ಮ ಹೆಸರು ಹೇಳಲಿಲ್ಲ, ಎಂದೆ.

"ಗೊತ್ತೈತ್ರಿ. ಅವತ್ತ ಬಣ್ಣ ತರಾಕ ಗದಗಕ್ಕ ಬಂದಿದ್ದೆ. ವಾಚನಾಲಯದಾಗ ಹಿಂದ ನಿಂತು ಕೇಳಿದೆ. ಎಲ್ಲಾರೂ ಚಪ್ಪಾಳಿ ಹೊಡದ್ರು, ನಾನೂ ಹೊಡದೆ."

ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಅವರ ಪಾದ ನೋಡಿದೆ. ಬಣ್ಣ ಹತ್ತಿತ್ತು.

"ಆದ್ರ ಒಂದು ತಪ್ಪಾಗೇತ್ರಿ ಸರ. ಕಪ್ಪು ಗೆರಿ ನೀವು ಹೊರಗ ಹಾಕೀರಿ. ಅದು ಒಳಮಗ್ಗಲಿಗೆ. ಚುಕ್ಕಿ ಅದರ ಹೊರಗ. ಎರಡು ವರ್ಷ ಆತು, ಹುಡುಗ್ರು ತಪ್ಪು ನೋಡಾಕತ್ತಾರ. ಅದನ್ನಷ್ಟು ತಿದ್ದ್ರಿ."

ನೇರ ಹಾಲಿಗೆ ಹೋದೆ. ನೋಡಿದೆ. ಖರೆ. ನನ್ನ ಕೋಣೆಯಿಂದ ಅವರ ಹಾಳೆ ತಂದು ಪಕ್ಕಕ್ಕೆ ಹಿಡಿದೆ. ಖರೆ. ಅವರದನ್ನು ಕದ್ದೂ ಸರಿಯಾಗಿ ಕದಿಯಲಾಗಲಿಲ್ಲ. ಪತ್ರಿಕೆಯಲ್ಲೂ ಅದೇ ಅಚ್ಚಾಗಿದೆ.

ಮತ್ತೆ ಬೇವಿನ ಬುಡಕ್ಕೆ ಬಂದೆ. ಈ ಸಲ ಉಳಿದದ್ದನ್ನೂ ಹೇಳಿದೆ. ಪುಸ್ತಕದ ಗೀಟು ನನ್ನದು ಎಂದು. ಅವರು ಬ್ರಷ್ಷಿನ ಕೂದಲು ಹಿಂಡುತ್ತ ಕೂತರು. ನಿಮಗೆ ಅದೂ ಗೊತ್ತಿತ್ತೇ ಎಂದು ಕೇಳಿದೆ.

"ಪೆನ್ಸಿಲ್ ಗೊತ್ತಿತ್ತು. ಕೈ ಯಾರ್ದು ಅಂತ ಗೊತ್ತಿರಲಿಲ್ಲ."

ಸಮಿತಿಗೆ ಹೇಳುತ್ತೇನೆ, ಬರೆದು ಕೊಡುತ್ತೇನೆ ಎಂದೆ. ಅವರು ನಿಚ್ಚಣಿಕೆ ಏರುವ ಮುನ್ನ ತಮ್ಮ ತಾಯಿಯ ಮಾತು ತೆಗೆದರು. ಹುಚ್ಚವ್ವ ಎಂದು ಹೆಸರು. ಹಮ್ಮಿಗಿಯಲ್ಲಿ ಇವರನ್ನು ಪುಸ್ತಕ ಕೆಡಿಸಿದ ಮಾಸ್ತರ ಎಂದೇ ಕರೆಯುತ್ತಾರಂತೆ. ಆಕೆ ಹೊಳೆಗೆ ನೀರಿಗೆ ಹೋಗುವುದು ದಂಡೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ. ನಾಲ್ಕು ವರ್ಷದಿಂದ.

"ನನಗ ಹೇಳಿದ್ರ ಏನಾತ್ರಿ. ಆಕಿಗೆ ಹೇಳ್ರಿ."

೧ ನವೆಂಬರ್, ಗುರುವಾರ

ಧ್ವಜ, ಮೆರವಣಿಗೆ, ಪೇಢೆ. ಬೋರ್ಡಿನ ಮೇಲೆ 'ಮೈಸೂರು ರಾಜ್ಯ'. ಅಕ್ಷರ ದುಂಡಗೆ, ಒಂದೂ ಓರೆಯಿಲ್ಲ. ಬರೆದವರು ಬಂದಿರಲಿಲ್ಲ.

ಸಭೆಯಲ್ಲಿ ನನಗೆ ಹತ್ತು ನಿಮಿಷ ಕೊಟ್ಟಿದ್ದರು, 'ಕನ್ನಡದಲ್ಲಿ ವಿಜ್ಞಾನ' ಎಂದು. ಚಿತ್ರ ಇಳಿಸಿ ತಂದೆ. ಇದರಲ್ಲಿ ತಪ್ಪಿದೆ, ಕಪ್ಪು ಗೆರೆ ಒಳಗೆ ಬರಬೇಕು, ಹೊಸ ನಕ್ಷತ್ರಗಳ ಮೋಡ ಅದರ ಹೊರಗೆ ಎಂದು ಹೇಳಿದೆ. ಯಾರು ತೋರಿಸಿಕೊಟ್ಟರು ಎಂಬಲ್ಲಿಗೆ ಬಂದೆ.

'ಒಬ್ಬ ಮಿತ್ರರು' ಎಂದೆ.

ಮಿತ್ರರು. ಆ ಶಬ್ದ ನನ್ನ ಬಾಯಿಂದ ಹೇಗೆ ಬಂತು. ಮತ್ತೆ ಚಪ್ಪಾಳೆ. ತಪ್ಪು ಒಪ್ಪಿಕೊಳ್ಳುವ ದೊಡ್ಡ ಗುಣ ಎಂದು ಹೇಮಪ್ಪನವರು ಹೊಗಳಿದರು.

ಊಟ ಸೇರಲಿಲ್ಲ. ಕಸ್ತೂರೆವ್ವ ಕೇಳಿದಳು. ಎಲ್ಲ ಹೇಳಿದೆ, ಮೊದಲಿನಿಂದ. ನಾಲ್ಕು ವರ್ಷದಲ್ಲಿ ಮೊದಲ ಸಲ. ಬರುವ ವರ್ಷ ಹೇಮಪ್ಪನವರು ನಿವೃತ್ತರಾದ ಮೇಲೆ ಆ ಕುರ್ಚಿ ನನಗೆಂದು ಮಾತಾಗಿದೆ, ಹೇಳಿದರೆ ಅದು ಹೋಗುತ್ತದೆ ಎಂದೂ ಹೇಳಿದೆ. ಪಾತ್ರೆ ಎತ್ತಿಟ್ಟು ಬಂದು ಕೂತಳು.

"ನೀವು ಹೆಡ್‌ಮಾಸ್ತರ ಆಗದಿದ್ರ ನಡೀತೈತಿ. ಆ ಮುದುಕಿ ಮಂದಿ ಇಲ್ಲದ ಹೊತ್ತಿನಾಗ ನೀರಿಗೆ ಹೋಗೂದು ನಡ್ಯಾಂಗಿಲ್ಲ."

ಓಣಿಯಲ್ಲಿ ತೋರಿಸಿದ್ದ ಆ ಮಾಸಪತ್ರಿಕೆಯನ್ನು ಕಪಾಟಿನಿಂದ ತೆಗೆದು ನನ್ನ ಮುಂದೆ ಇಟ್ಟು ಹೋದಳು.

೪ ನವೆಂಬರ್, ರವಿವಾರ. ಮುಂಡರಗಿ ಬಸ್ ಸ್ಟ್ಯಾಂಡ್, ಸಂಜೆ ೫

ಬಸ್ಸಿಗೆ ಇನ್ನೂ ತಾಸಿದೆ. ಇಲ್ಲೇ ಬರೆಯುತ್ತೇನೆ. ಮನೆಗೆ ಹೋದರೆ ತಿದ್ದಿ ಬರೆಯುತ್ತೇನೆ.

ಮುಂಡರಗಿಯಿಂದ ಹಮ್ಮಿಗಿಗೆ ಚಕ್ಕಡಿ. ಹೊಳೆಯಪ್ಪ ಜೊತೆಗೆ ಬರಲಿಲ್ಲ, ಹಿರೇವಡ್ಡಟ್ಟಿಯಲ್ಲಿ ಬೋರ್ಡಿನ ಕೆಲಸವಿತ್ತು. ಬೇಕೆಂದೇ ಒಪ್ಪಿಕೊಂಡಿರಬೇಕು. ಮನೆಯ ಮುಂದೆ ಹುಚ್ಚವ್ವ ಜೋಳ ಹಸನು ಮಾಡುತ್ತಿದ್ದಳು. ಗದಗಿನ ಶಾಲೆಯ ಮಾಸ್ತರ ಎಂದಕೂಡಲೆ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ತನ್ನ ಮಗ ಮಾಡಿದ್ದಕ್ಕೆ ಆಕೆ ನನ್ನೆದುರು ನಾಚುತ್ತಿದ್ದಳು. ಅದನ್ನು ನೋಡಬೇಕಾಯಿತು.

ಹೇಳಿದೆ. ಸುತ್ತು ಹಾಕದೆ.

"ಪುಸ್ತಕಕ್ಕ ಗೀಚಿದಾಂವ ನೀ ಏನು?"

"ಹೌದವ್ವ. ನಾನ."

ಮೊರದಲ್ಲಿದ್ದ ಜೋಳವನ್ನು ನೋಡುತ್ತ ಕೂತಳು. ಆಮೇಲೆ ನನಗೆ ಅಲ್ಲ, ತನಗೇ ಎಂಬಂತೆ ಹೇಳಿದಳು.

"ನಾ ಮಾಡಿಲ್ಲವ್ವ ಅಂದಿದ್ದ. ಕಲ್ತ ಮಂದಿ ಸುಳ್ಳ ಹೇಳ್ತಾರೇನು ಅಂತ ನಾ ಅವನ್ನ ಬೈದೆ. ನಾಕು ವರ್ಷ ನನ್ನ ಮಗನ್ನ ನಾನ ನಂಬಲಿಲ್ಲ."

ಇದು ನನಗೆ ಗೊತ್ತಿರಲಿಲ್ಲ. ಊರು ನಂಬಿಲ್ಲ ಎಂದಷ್ಟೇ ತಿಳಿದಿದ್ದೆ.

ಎದ್ದಳು. ಬಾ ಎಂದಳು. ಹನಮಪ್ಪನ ಗುಡಿಯ ಕಟ್ಟೆಗೆ ಕರೆದುಕೊಂಡು ಹೋದಳು. ಹದಿನೈದು ಇಪ್ಪತ್ತು ಜನ ಕೂತಿದ್ದರು. ನನಗೆ ಹೇಳಿದ್ದನ್ನು ಇವರಿಗೆ ಹೇಳು ಎಂದಳು. ಹೇಳಿದೆ. ಹೊಳೆಯಪ್ಪ ಪುಸ್ತಕ ಕೆಡಿಸಲಿಲ್ಲ, ಗೀಟು ಹಾಕಿದವನು ನಾನು, ಸುಮ್ಮನಿದ್ದು ಅವರ ನೌಕರಿ ತೆಗೆಸಿದವನೂ ನಾನು. ವಿಜ್ಞಾನದ ಮಾತು ಬಿಟ್ಟೆ. ಆದರೆ ದ್ಯಾಮಪ್ಪ ಎಂಬ ಹಿರಿಯರು, ಇಷ್ಟಕ್ಕೂ ಆ ಪುಸ್ತಕದಲ್ಲಿ ಅವನು ನೋಡಿದ್ದೇನು ಎಂದು ಕೇಳಿದರು. ನಕ್ಷತ್ರ ಹುಟ್ಟುವ ಮೋಡಗಳು ಎಲ್ಲಿ, ಯಾವ ಸಾಲಿನಲ್ಲಿ ಇರುತ್ತವೆ ಎಂದು ನೋಡಿದ್ದರು, ಸರಿಯಾಗಿ ನೋಡಿದ್ದರು, ನನಗಿಂತ ಮೊದಲು, ಎಂದೆ. ಅದನ್ನು ಹೇಳುವಾಗ ಮಾತ್ರ ಧ್ವನಿ ಸರಿಯಿತ್ತು.

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ರಿ?" ಎಂದರು ದ್ಯಾಮಪ್ಪ.

ಅಂಜಿಕೆ ಎಂದೆ.

ಹುಚ್ಚವ್ವ ಊಟಕ್ಕೆ ಕರೆಯಲಿಲ್ಲ. ಕರೆದಿದ್ದರೆ ಹೋಗಲಾಗುತ್ತಿರಲಿಲ್ಲ. ಚಕ್ಕಡಿ ಹೊರಡುವಾಗ ಆಕೆ ಹೊಳೆಯ ಕಡೆಗೆ ಹೋಗುತ್ತಿದ್ದಳು, ಕೊಡ ಹಿಡಿದು. ನಡು ಮಧ್ಯಾಹ್ನ. ದಂಡೆಯಲ್ಲಿ ಜನ ಇದ್ದರು.

೧೪ ನವೆಂಬರ್, ಬುಧವಾರ

ಸಮಿತಿಯ ಏಳು ಜನರ ಮುಂದೆ ನಾನೇ ಬರೆದದ್ದನ್ನು ನಾನೇ ಓದಿದೆ. ಎರಡು ಪುಟ. ಸತ್ತ ವಿಷಯ ಈಗೇಕೆ ಎಂದರು ಹೇಮಪ್ಪನವರು. ಸತ್ತಿಲ್ಲ, ಹಮ್ಮಿಗಿಯಲ್ಲಿದೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಅವರನ್ನು ದೂರಲಾರೆ, ನನ್ನನ್ನು ನಂಬಿದವರು ಅವರು.

ಲೈಬ್ರರಿ ಕೀಲಿ ಕೊಟ್ಟು ಬಂದೆ. ಹೆಡ್‌ಮಾಸ್ತರ್ ಮಾತು ಇನ್ನು ಎತ್ತುವುದಿಲ್ಲ, ಯಾರೂ ಬಾಯಿಬಿಟ್ಟು ಹೇಳಲಿಲ್ಲ, ತಿಳಿಯಿತು. ಹೊಳೆಯಪ್ಪನ ಮೇಲಿನ ಆರ್ಡರು ರದ್ದು. ಡ್ರಾಯಿಂಗ್ ಮಾಸ್ತರ್ ಜಾಗದಲ್ಲಿ ಬೇರೆಯವರಿದ್ದಾರೆ, ಮುಂದೆ ನೋಡೋಣ ಎಂದರು. ರದ್ದಾದ ಆರ್ಡರಿನ ನಕಲು ಸಾಕು ಎಂದು ಹೊಳೆಯಪ್ಪ ಹೇಳಿ ಕಳಿಸಿದ್ದರು. ನನ್ನ ಕೈಯಾರೆ ನಕಲು ಮಾಡಿದೆ.

ಸ್ಟಾಫ್ ರೂಮಿನಲ್ಲಿ ನಾನು ಹೋದ ಕೂಡಲೆ ಮಾತು ನಿಂತಿತು. ಹೊಳೆಯಪ್ಪ ಕೂಡ ನಾಲ್ಕು ವರ್ಷ ಇಂಥ ಕೋಣೆಗಳಿಗೆ ಹೋಗಿ ಬಂದಿರಬೇಕು.

೨ ಡಿಸೆಂಬರ್, ರವಿವಾರ. ಬೆಳಿಗ್ಗೆ ೧೦

ಧಾರವಾಡದ ಸಂಪಾದಕರು ತಿದ್ದುಪಡಿ ಹಾಕಲು ಒಪ್ಪಿದ್ದಾರೆ. ಹೊಸ ಚಿತ್ರ ಕಳಿಸಿ, ಹೊಳೆಯಪ್ಪ ಎಂಬವರು ಯಾರು, ಏನೆಂದು ಬರೆಯಬೇಕು ತಿಳಿಸಿ ಎಂದಿದ್ದಾರೆ. ಹೊಳೆಯಪ್ಪನಿಗೆ ಹೇಳಿ ಕಳಿಸಿದ್ದೆ. ಬರುತ್ತಾರೆಂದು ಎಣಿಸಿರಲಿಲ್ಲ. ಬಂದಿದ್ದಾರೆ. ಕಸ್ತೂರೆವ್ವ ಕೊಟ್ಟ ಚಹಾ ಕುಡಿದರು.

ತಾಯಿ ಹೇಗಿದ್ದಾರೆ ಎಂದು ಕೇಳಲು ಧೈರ್ಯ ಬರಲಿಲ್ಲ. ಅವರೇ ಹೇಳಿದರು, ನಕಲಿಗೆ ಚೌಕಟ್ಟು ಹಾಕಿಸಿದ್ದಾಳೆ, ಬಂದವರಿಗೆಲ್ಲ ಓದಿ ಹೇಳು ಎಂದು ಕಾಡುತ್ತಾಳೆ ಎಂದು. ನನ್ನ ಅಕ್ಷರ ಅದು. ಆಕೆಗೆ ಗೊತ್ತಿದೆಯೋ ಇಲ್ಲವೋ.

ಹೆಸರಿನ ಮುಂದೆ ಏನು ಬರೆಯಲಿ, ಪೇಂಟರ್ ಎಂದೋ ಮಾಸ್ತರ್ ಎಂದೋ, ಎಂದು ಕೇಳಿದೆ. ಮೊದಲು ಚಿತ್ರ ತೋರಿಸಿ ಎಂದರು. ವಾರವೆಲ್ಲ ಕೂತು ತೆಗೆದದ್ದನ್ನು ನೆಲದ ಮೇಲೆ ಹಾಸಿದೆ. ಕಪ್ಪು ಗೆರೆ ಒಳಗೆ, ಚುಕ್ಕಿ ಹೊರಗೆ. ಈ ಸಲ ಸರಿ ಎಂದುಕೊಂಡಿದ್ದೆ. ಮೊಣಕಾಲೂರಿ ಬಹಳ ಹೊತ್ತು ನೋಡಿದರು.

"ಚುಕ್ಕಿ ಎಲ್ಲಾ ಒಂದ ಅಳತಿಗೆ ಇಟ್ಟೀರಿ. ಹಂಗಿಲ್ರಿ. ಇಲ್ಲಿ ನಾಕು ಕೂಡಿ, ಮುಂದ ಸ್ವಲ್ಪ ಖಾಲಿ, ಮತ್ತ ಗುಂಪು. ನಿಮಗ ಹೆಂಗ ಬೇಕೋ ಹಂಗ ಇಟ್ಟೀರಿ. ಅವು ಹೆಂಗ ಅದಾವ ಹಂಗ ಇಡ್ರಿ."

ನೀವೇ ತಿದ್ದಿಬಿಡಿ ಎಂದೆ. ಇಲ್ಲವೆಂದರು. ತಮ್ಮ ಪೆನ್ಸಿಲ್ ತೆಗೆದು ನನ್ನ ಕಡೆ ಚಾಚಿದರು. ತೆಗೆದುಕೊಂಡೆ. ತಾರೀಖು ಬರೆದು ಬರುತ್ತೇನೆ ಎಂದು ನೆಪ ಹೇಳಿ ಟೇಬಲ್ಲಿಗೆ ಬಂದು ಇದನ್ನು ಬರೆಯುತ್ತ ಕೂತಿದ್ದೇನೆ. ಅದು ನೆಪವೆಂದು ಅವರಿಗೆ ಗೊತ್ತಿದೆ. ಅವಸರ ಮಾಡುತ್ತಿಲ್ಲ. ಅಳಿಸಬೇಕಾದ ಚುಕ್ಕಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಎಣಿಸುತ್ತಿದ್ದಾರೆ. ಈಗ ಕರೆದರು, ಸರ, ಬರ್ರಿ ಎಂದು. ಹೋಗುತ್ತೇನೆ.